ಬೆಲ್ಲದ ಕೊಪ್ಪರಿಗೆಯಲ್ಲಿ ನೈದಿಲೆ

ನನಗೊಂದು ಅಭ್ಯಾಸವಿದೆ, ಜೊತೆಯಲ್ಲಿ ಬಂದವರಿಗೆ ನಾಚಿಕೆ ತರುವಂಥದ್ದು. ಬೆಲ್ಲ ಕೊಳ್ಳಲು ಹೋದರೆ ಅಚ್ಚನ್ನು ಕೈಗೆತ್ತಿಕೊಂಡು ಮೂಗಿನ ಹತ್ತಿರ ಹಿಡಿದು ಮೂಸುತ್ತೇನೆ. ಬೆಲ್ಲ ಕೊಳ್ಳುವವರಲ್ಲಿ ಬಣ್ಣ ನೋಡುವವರುಂಟು, ಉಗುರಿನಿಂದ ಚೂರು ಕಿತ್ತು ಬಾಯಿಗೆ ಹಾಕಿಕೊಳ್ಳುವವರುಂಟು, ಹಾಗೆ ರುಚಿ ನೋಡುತ್ತಲೇ ಹೊಟ್ಟೆ ತುಂಬಿಸಿಕೊಂಡು ಏನೂ ಕೊಳ್ಳದೆ ಹೋಗುವವರೂ ಉಂಟು. ಮೂಸುವವಳು ನಾನೊಬ್ಬಳೇ.

ನಮ್ಮ ಬೀದಿಯ ಅಂಗಡಿಯವರು ಮೊದಮೊದಲು ಬೇಸರಪಟ್ಟುಕೊಂಡರು. ಈಗ ನಾನು ಮೆಟ್ಟಿಲು ಹತ್ತುವುದನ್ನು ಕಂಡರೆ ತಾವೇ ಒಂದು ಅಚ್ಚು ತೆಗೆದು ಮುಂದೆ ಹಿಡಿಯುತ್ತಾರೆ. ಮೂಸಿ ಅಮ್ಮ, ಯಾವ ವಾಸನೆಯೂ ಇಲ್ಲ, ಎನ್ನುತ್ತಾರೆ. ನನ್ನ ತಂಗಿಯ ಮಗಳು ಇದು ವಯಸ್ಸಿನ ದೋಷ ಎಂದುಕೊಂಡಿದ್ದಾಳೆ. ವಯಸ್ಸಿನದಲ್ಲ, ಮಳವಳ್ಳಿಯದು. ನಿಮಗೆ ಪುರುಸೊತ್ತಿದ್ದರೆ ಹೇಳುತ್ತೇನೆ.

ಯುದ್ಧ ನಡೆಯುತ್ತಿದ್ದ ಕಾಲ. ಮಳವಳ್ಳಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ನನಗೆ ಉಪಾಧ್ಯಾಯಿನಿಯ ಕೆಲಸ ಸಿಕ್ಕಿತು. ಆಗ ನನಗೆ ಇಪ್ಪತ್ತಮೂರು. ಮದುವೆ ಎಂಬುದು ನನಗೆ ಹನ್ನೆರಡಕ್ಕೆ ಆಗಿ ಹದಿನಾಲ್ಕಕ್ಕೆ ಮುಗಿದುಹೋಗಿತ್ತು. ಗಂಡನ ಮುಖಕ್ಕಿಂತ ಅವರ ಮನೆಯ ಹಿತ್ತಾಳೆ ಹಂಡೆಯೇ ನನಗೆ ಚೆನ್ನಾಗಿ ನೆನಪಿದೆ. ಆಮೇಲೆ ಓದಿಸಿದರು, ಓದಿದೆ. ಓದಿದ್ದಕ್ಕೆ ಕೆಲಸ ಬಂತು, ಕೆಲಸ ಬಂದದ್ದಕ್ಕೆ ಮೈಸೂರು ಬಿಟ್ಟೆ. ಬನ್ನೂರಿನ ಮೇಲೆ ಬರುವ ಬಸ್ಸು ಆಗ ನಿಂತುಹೋಗಿತ್ತು. ಮದ್ದೂರಿನವರೆಗೆ ರೈಲು, ಅಲ್ಲಿಂದ ಇದ್ದಿಲಿನ ಹೊಗೆಯಲ್ಲಿ ಓಡುವ ಬಸ್ಸು. ಪೆಟ್ರೋಲೆಲ್ಲ ಯುದ್ಧಕ್ಕೆ ಹೋಗಿತ್ತಲ್ಲ, ಬಸ್ಸಿನ ಬೆನ್ನಿಗೆ ಒಂದು ಒಲೆ ಕಟ್ಟಿದ್ದರು. ದಿಣ್ಣೆ ಬಂದಾಗಲೆಲ್ಲ ಗಂಡಸರು ಇಳಿದು ತಳ್ಳುವರು, ಹೆಂಗಸರು ಒಳಗೇ ಕೂತು ದೇವರನ್ನು ನೆನೆಯುವರು. ಮಳವಳ್ಳಿ ಮುಟ್ಟುವ ಹೊತ್ತಿಗೆ ನನ್ನ ಬಿಳಿಯ ಸೀರೆ ಬೂದಿಯ ಬಣ್ಣಕ್ಕೆ ತಿರುಗಿತ್ತು. ಶಾಲೆಯ ಮಕ್ಕಳು ನನ್ನನ್ನು ಮೊದಲು ಕಂಡದ್ದು ಆ ಬಣ್ಣದಲ್ಲಿ.

ಒಂಟಿ ಹೆಂಗಸಿಗೆ ಬಾಡಿಗೆಗೆ ಮನೆ ಕೊಡುವವರು ಸಿಗುವುದು ಸುಲಭವಾಗಿರಲಿಲ್ಲ. ಕೊನೆಗೆ ತಾಯಮ್ಮ ಎಂಬಾಕೆ ತನ್ನ ಮನೆಯ ಹಿಂದಿನ ಎರಡು ಕೋಣೆ ಬಿಟ್ಟುಕೊಟ್ಟಳು. ಒಕ್ಕಲಿಗರ ಹೆಂಗಸು, ನಲವತ್ತೈದರ ಆಸುಪಾಸು, ಎತ್ತರದ ಆಳು, ಮಾತು ಕಮ್ಮಿ. ಮುಂದಿನ ಭಾಗದಲ್ಲಿ ಅವಳೊಬ್ಬಳು, ಹಿಂದಿನ ಭಾಗದಲ್ಲಿ ನಾನೊಬ್ಬಳು. ಹಿತ್ತಲು ಇಬ್ಬರಿಗೂ ಸೇರಿದ್ದು, ಬಾವಿಯೂ ಸೇರಿದ್ದು, ಆದರೆ ಬಾವಿಗೆ ಹಗ್ಗ ಎರಡು. ನನ್ನ ಮಡಿ ಕೆಡಬಾರದೆಂದು ಅವಳೇ ನನ್ನ ಹಗ್ಗವನ್ನು ಬೇರೆ ಗೂಟಕ್ಕೆ ಸುತ್ತಿಟ್ಟಿದ್ದಳು. ನನಗೆ ಮಡಿಯ ಮೇಲೆ ಅಂಥ ಪ್ರೀತಿ ಏನೂ ಇರಲಿಲ್ಲ. ಆದರೆ ಬೇಡವೆಂದು ಹೇಳಲು ಮೊದಲು ಮಾತು ಶುರುವಾಗಬೇಕಲ್ಲ, ಆರು ತಿಂಗಳು ಅದೇ ಶುರುವಾಗಲಿಲ್ಲ.

ಆ ಆರು ತಿಂಗಳು ನನಗೆ ಬಹಳ ಕಷ್ಟವಾಯಿತು. ಹಗಲೆಲ್ಲ ಶಾಲೆಯಲ್ಲಿ ಗಂಟಲು ಹರಿಯುವಂತೆ ಮಾತಾಡುತ್ತಿದ್ದೆ. ನಾಲ್ಕೂವರೆಗೆ ಗಂಟೆ ಹೊಡೆದರೆ ಮರುದಿನದವರೆಗೆ ನನ್ನ ಬಾಯಿಗೆ ಕೆಲಸವಿರಲಿಲ್ಲ. ಒಂದು ಭಾನುವಾರ ಸಂಜೆ ಅನ್ನದ ತಪ್ಪಲೆಗೆ, "ಇಷ್ಟು ಬೇಗ ಸೀದೆಯಾ?" ಎಂದು ಗಟ್ಟಿಯಾಗಿ ಕೇಳಿದೆ. ನನ್ನ ದನಿ ನನಗೇ ಹೊಸದಾಗಿ ಕೇಳಿ ಹೆದರಿಕೆಯಾಯಿತು.

ಹಿತ್ತಲಿನ ಮೂಲೆಯಲ್ಲಿ ನುಗ್ಗೆಮರದ ಆಚೆ ಒಂದು ದೊಡ್ಡ ಕಬ್ಬಿಣದ ಕೊಪ್ಪರಿಗೆ ಬೋರಲು ಬಿದ್ದಿತ್ತು. ಆಲೆಮನೆಯಲ್ಲಿ ಕಬ್ಬಿನ ಹಾಲು ಕಾಯಿಸಿ ಬೆಲ್ಲ ಮಾಡುವ ಕೊಪ್ಪರಿಗೆ. ಒಬ್ಬ ಆಳು ಅಡ್ಡ ಮಲಗಿದರೂ ಕಾಲು ತಗುಲದಷ್ಟು ಅಗಲ, ಮೊಳ ಮೀರಿದ ಆಳ, ತಗಡು ತಗಡು ಸೇರಿಸಿ ಸುತ್ತ ರಿವೀಟು ಹೊಡೆದದ್ದು. ಕೆಳಗೆ ತಾಯಮ್ಮನ ಕೋಳಿಗಳು ಸಂಸಾರ ಮಾಡಿಕೊಂಡಿದ್ದವು. ಅದರ ಕತೆ ನನಗೆ ಆಮೇಲೆ ಗೊತ್ತಾಯಿತು. ಅವಳ ಗಂಡ ಬೋರೇಗೌಡ ಬೆಲ್ಲದಲ್ಲಿ ಹೆಸರು ಮಾಡಿದವನು. ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಬಂದು ಸುತ್ತಿನ ಕಬ್ಬೆಲ್ಲ ಅತ್ತ ಹೋಗತೊಡಗಿದ ಮೇಲೆ ಅವನ ಆಲೆಮನೆಯ ಒಲೆ ಆರಿತು. ಅದೇ ಸಮಯಕ್ಕೆ, ಈಕೆಗೆ ಮಕ್ಕಳಾಗಲಿಲ್ಲವೆಂದು, ನಿಡಘಟ್ಟದಲ್ಲಿ ಇನ್ನೊಂದು ಮದುವೆ ಮಾಡಿಕೊಂಡ. ಮೊದಲು ವಾರಕ್ಕೊಮ್ಮೆ ಬರುತ್ತಿದ್ದ, ಆಮೇಲೆ ಹಬ್ಬಕ್ಕೆ, ಆಮೇಲೆ ಅದೂ ನಿಂತಿತು. ಮನೆಯಲ್ಲಿ ಅವನದೆಂದು ಉಳಿದದ್ದು ಈ ಕೊಪ್ಪರಿಗೆ ಒಂದೇ.

ಇದಾವುದೂ ತಿಳಿಯದ ನನಗೆ ಅದನ್ನು ಕಂಡಾಗೆಲ್ಲ ಬೇರೆಯೇ ಒಂದು ಯೋಚನೆ ಬರುತ್ತಿತ್ತು. ಚಿಕ್ಕಂದಿನಲ್ಲಿ ಅಮ್ಮ ಮೈಸೂರಿನ ದೊಡ್ಡವರೊಬ್ಬರ ಬಂಗಲೆಗೆ ಹಪ್ಪಳ ಒತ್ತಿಕೊಡಲು ಹೋಗುತ್ತಿದ್ದಳು, ನನ್ನನ್ನೂ ಕರೆದುಕೊಂಡು. ಆ ಮನೆಯ ಹಿತ್ತಲಲ್ಲಿ ಒಂದು ಗುಂಡನೆಯ ಕೊಳ, ಅದರಲ್ಲಿ ತಾವರೆ, ನೈದಿಲೆ, ಎಲೆಗಳ ಸಂದಿಯಲ್ಲಿ ಸುಳಿಯುವ ಮೀನು, ಅಂಚಿನಲ್ಲಿ ಆನೆಯ ಕಿವಿಯಂಥ ಕೆಸುವಿನೆಲೆ. ನೀರಿಗೆ ಕೈ ಹಾಕಕೂಡದು ಎಂದು ಅಪ್ಪಣೆಯಾಗಿತ್ತು. ನಾನು ಬೆನ್ನ ಹಿಂದೆ ಕೈ ಕಟ್ಟಿಕೊಂಡು ಬಗ್ಗಿ ನೋಡುತ್ತಿದ್ದೆ. ಇಂದಿಗೂ ನನಗೆ ಏನನ್ನಾದರೂ ಆಸೆಯಿಂದ ನೋಡುವಾಗ ಕೈ ತಾನಾಗಿ ಬೆನ್ನ ಹಿಂದೆ ಹೋಗುತ್ತದೆ. ನನ್ನದೇ ಒಂದು ಕೊಳ ಇದ್ದರೆ ಮೊಣಕೈವರೆಗೆ ಅದ್ದಿ ಕೂರುತ್ತೇನೆ ಎಂದು ಆಗ ಅಂದುಕೊಂಡಿದ್ದೆ.

ಒಂದು ದಿನ ಧೈರ್ಯ ಮಾಡಿ ತಾಯಮ್ಮನನ್ನು ಕೇಳಿಯೇಬಿಟ್ಟೆ, ಆ ಕೊಪ್ಪರಿಗೆಯನ್ನು ನೆಲದಲ್ಲಿ ಹೂಳಿಸಿ ನೀರು ತುಂಬಿ ಮೀನು ಬಿಡಲೇ ಎಂದು. ಅವಳು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಮೀನು ತಿನ್ನದ ಜಾತಿಯವಳು ಮೀನು ಸಾಕುವುದೇಕೆ ಎಂದಳು. ನೋಡುವುದಕ್ಕೆ ಎಂದೆ. "ಸಾರಿಗೂ ಇಲ್ಲ, ಮಾರಕ್ಕೂ ಇಲ್ಲ, ಸುಮ್ಕೆ ನೋಡಕ್ಕಾ?" ಎಂದು ಕೇಳಿ, ಉತ್ತರಕ್ಕೂ ನಿಲ್ಲದೆ ಒಳಗೆ ಹೋದಳು. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂದು ಒಳಗಿನಿಂದ ಗೊಣಗಿದ್ದು ನನಗೆ ಕೇಳಿಸಿತು.

ಮರುದಿನ ಬೆಳಿಗ್ಗೆ ಬಾವಿಕಟ್ಟೆಯಲ್ಲಿ ಅವಳೇ ಮಾತು ತೆಗೆದಳು. "ಊಳ್ಸದಾದ್ರೆ ಕಂಠಮಟ್ಟ ಊಳ್ಸಿ ಮೇಷ್ಟ್ರಮ್ಮ. ಮ್ಯಾಲೆ ಮಡಗಿದ್ರೆ ಯಾರಾನ ಗಾಡಿ ತಂದು ಎತ್ಕಂಡು ಓಯ್ತಾರೆ." ಮೂರು ಆಳು ಎತ್ತಲಾರದ ಕೊಪ್ಪರಿಗೆಯನ್ನು ಯಾರು ಕದಿಯುತ್ತಾರೆ ಎಂದು ನನಗೆ ನಗು ಬಂತು. ಅವಳು ಹೇಳಿದ್ದು ಕಳ್ಳರ ವಿಷಯವಲ್ಲವೆಂದು ತಿಳಿಯಲು ನನಗೆ ನಾಲ್ಕು ವರ್ಷ ಹಿಡಿಯಿತು.

ಆಳುಗಳು ಗುಂಡಿ ತೋಡಿದರು. ಕೊಪ್ಪರಿಗೆಯನ್ನು ಉರುಳಿಸಿ ಅಂಚು ನೆಲಕ್ಕೆ ಸಮನಾಗಿ ಕೂರಿಸಿದರು. ಕೋಳಿಗಳು ಒಂದು ವಾರ ನನ್ನ ಮೇಲೆ ಮುನಿಸಿಕೊಂಡು ತಿರುಗಿದವು. ನಾನು ಅಂದೇ ನೂರು ಕೊಡ ನೀರು ಸೇದಿ ತುಂಬಿಸಿ, ಕೆರೆಯಲ್ಲಿ ಬಲೆ ಹಾಕುವವರಿಂದ ಬೆರಳುದ್ದದ ಸಸಲು ಮೀನು ಒಂದು ಕೊಡ ತರಿಸಿ ಬಿಟ್ಟೆ. ಆ ರಾತ್ರಿ ಸುಖವಾಗಿ ನಿದ್ದೆ ಮಾಡಿದೆ. ಬೆಳಿಗ್ಗೆ ಎದ್ದು ನೋಡಿದರೆ ಕೊಪ್ಪರಿಗೆಯ ಅಂಚಿಗೆ ಒಂದು ಕಪ್ಪು ಪಟ್ಟಿ, ಇರುವೆಗಳದು. ನೀರಿನ ಮೇಲೆ ನೊರೆ, ಹುಳಿ ವಾಸನೆ, ನೊರೆಯ ನಡುವೆ ಹೊಟ್ಟೆ ಮೇಲಾಗಿ ತೇಲುತ್ತಿದ್ದ ಮೀನು. ಒಂದೂ ಉಳಿದಿರಲಿಲ್ಲ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುವುದು ನನಗೇ ಹೇಳಿದ ಮಾತು. ಅಂಚಿನಲ್ಲಿ ಕುಕ್ಕರಗಾಲಿನಲ್ಲಿ ಕೂತು ಅತ್ತೆ. ಮೀನಿಗೆ ಮಾತ್ರ ಅತ್ತೆ ಎಂದರೆ ಸುಳ್ಳಾದೀತು. ತಾಯಮ್ಮ ಬಂದು ಪಕ್ಕದಲ್ಲಿ ನಿಂತಳು. ಬಗ್ಗಿ ನೀರನ್ನು ಬೆರಳಿನಲ್ಲಿ ಮುಟ್ಟಿ ಮೂಸಿದಳು. ಆಮೇಲೆ ಆರು ತಿಂಗಳಲ್ಲಿ ಮೊದಲ ಸಲ ನಕ್ಕಳು. "ಇಪ್ಪತ್ತು ವರ್ಸ ಬೆಲ್ಲ ಕುಡ್ದದೆ ಕಣಮ್ಮ ಅದು. ಒಂದೇ ದಿನಕ್ಕೆ ನಿಂಗೆ ನೀರು ಕೊಟ್ಟದಾ?"

ಆಮೇಲೆ ಅವಳು ಸೀರೆ ಎತ್ತಿ ಕಟ್ಟಿ ಕೊಪ್ಪರಿಗೆಯೊಳಗೆ ಇಳಿದಳು. ಹುಣಸೆಹಣ್ಣು, ಬೂದಿ, ತೆಂಗಿನ ನಾರು. ಮೂರು ದಿನ ಉಜ್ಜಿದಳು. ಒಂದೊಂದು ರಿವೀಟಿನ ಸುತ್ತಲೂ ಚೂಪು ಮಾಡಿದ ಬಿದಿರುಕಡ್ಡಿ ಆಡಿಸಿ, ಒಳಗೆ ಗಟ್ಟಿಯಾಗಿ ಕೂತಿದ್ದ ಹಳೆಯ ಪಾಕವನ್ನು ಕಿತ್ತು ತೆಗೆದಳು. ಅವಳ ಕೈಗೆ ಆ ರಿವೀಟುಗಳೆಲ್ಲ ಪರಿಚಯ. ಗಾಣ ಕಟ್ಟುವ ಮುಂಚೆ ಕೊಪ್ಪರಿಗೆ ತೊಳೆಯುವುದು ಅವಳದೇ ಕೆಲಸವಾಗಿತ್ತಂತೆ. ಬರೀ ನೀರು ಕಾಯಿಸಿ ಮೂರು ಸಲ ಚೆಲ್ಲಿ, ಮೊದಲ ಕೊಪ್ಪರಿಗೆ ಕಬ್ಬಿನ ಹಾಲನ್ನು ದನಗಳಿಗೆ ಹುಯ್ದು, ಆಮೇಲೆ ಬೆಲ್ಲಕ್ಕೆ ಇಡುತ್ತಿದ್ದಳಂತೆ. ಗೌಡ ಬರುವ ಹೊತ್ತಿಗೆ ಒಲೆಯ ಮೇಲೆ ಕೊಪ್ಪರಿಗೆ ಫಳಫಳ ಹೊಳೆಯುತ್ತಿತ್ತಂತೆ. ಈಗ ಒಲೆಯಿಲ್ಲವಾದ್ದರಿಂದ ಉಳಿದ ಜಿಗುಟು ಬಿಡಲೆಂದು ನೀರು ತುಂಬಿ ಬಾಳೆದಿಂಡಿನ ತುಂಡು ಹಾಕಿ ಹದಿನೈದು ದಿನ ಹಾಗೇ ಬಿಟ್ಟಳು. ನಾನು ನೀರು ಸೇದಿ ಸೇದಿ ಕೊಟ್ಟೆ. ಎರಡನೆಯ ದಿನ ನನ್ನ ಹಗ್ಗ ಹರಿಯಿತು. ಅವಳ ಹಗ್ಗದಲ್ಲೇ ಸೇದಿದೆ. ಆಮೇಲೆ ಬಾವಿಗೆ ಒಂದೇ ಹಗ್ಗವಾಯಿತು.

ಎರಡನೆಯ ಸಲ ಬಿಟ್ಟ ಮೀನು ಬದುಕಿದವು. ಆದರೆ ಕಬ್ಬಿಣ ಕಬ್ಬಿಣವೇ. ಬೇಸಿಗೆಯಲ್ಲಿ ಅಂಚು ಮುಟ್ಟಿದರೆ ಕೈ ಸುಡುವುದು, ಮಧ್ಯಾಹ್ನಕ್ಕೆ ಮೀನು ತಳ ಸೇರಿ ಬಾಯಿ ಬಿಡುವುವು. ಅವಕ್ಕೆ ನೆರಳು ಬೇಕಾಗಿತ್ತು. ಗಿಡಗಳು ಬಂದದ್ದು ಹಾಗೆ, ಮೊದಲು ಅಂದಕ್ಕಲ್ಲ, ಮೀನಿಗೆ ಕೊಡೆ ಹಿಡಿಯಲಿಕ್ಕೆ.

ಮೊದಲು ಕೆಸು. ಸುತ್ತಲೂ ನೆಟ್ಟೆವು, ಒಂದು ಮಳೆಗೆ ಸೊಂಟದೆತ್ತರ ಬಂತು. ಬಾವಿಯ ಬಚ್ಚಲ ಕಡೆಗೆ ಬಜೆ, ಅದರ ಬುಡದಲ್ಲಿ ಒಂದೆಲಗ. ಕೆರೆಯಿಂದ ತಂದ ಕಪ್ಪು ಗೋಡುಮಣ್ಣನ್ನು ಅಗಲಬಾಯಿಯ ಮಡಕೆಗಳಿಗೆ ತುಂಬಿ, ತಾವರೆಯ ಗೆಡ್ಡೆ, ನೈದಿಲೆಯ ಗೆಡ್ಡೆ ಊರಿ ನೀರಿಗಿಳಿಸಿದೆವು. ನಾನು ಶಾಲೆಯಲ್ಲಿ ಸಸ್ಯಗಳ ಪಾಠ ಮಾಡುವವಳು. ತಿಳಿದವಳೆಂಬ ಜಂಬದಲ್ಲಿ ಮಡಕೆಗೆ ಹಸಿ ಸಗಣಿ ಗೊಬ್ಬರ ಬೆರೆಸಿದೆ. ಗೊಬ್ಬರ ಮೇಲೆದ್ದು ನೀರೆಲ್ಲ ಕಲಗಚ್ಚಾಯಿತು. ತಾವರೆಯ ಗೆಡ್ಡೆಯನ್ನಂತೂ ಮೊಳಕೆ ಕೆಳಗಾಗಿ ಊರಿದ್ದೆ. ಅದು ಪಾಪ ಒಂದು ತಿಂಗಳು ತಿರುಗಿಕೊಂಡು ಮೇಲೆ ಬಂತು. ಬಂದದ್ದು ಎಲೆ ಮಾತ್ರ. ನಾಲ್ಕು ವರ್ಷದಲ್ಲಿ ಒಂದು ಹೂವು ಬಿಡಲಿಲ್ಲ, ನುಗ್ಗೆಮರದ ನೆರಳೇ ಕಾರಣವಿರಬೇಕು. ಕಪ್ಪು ಹಲಗೆಯ ಮೇಲೆ ಸಾವಿರ ತಾವರೆ ಬರೆದವಳ ಮನೆಯಲ್ಲಿ ಒಂದು ತಾವರೆ ಅರಳಲಿಲ್ಲವೆಂದು ನನಗೆ ಅವಮಾನ. ತಾಯಮ್ಮನಿಗೆ ಅಂಥ ಬೇಸರವಿರಲಿಲ್ಲ. ಉಣ್ಣಲು ಎಲೆಯಾಯಿತಲ್ಲ ಎಂದು ವಾರಕ್ಕೆರಡು ಕೊಯ್ದು ಒಂದು ಅವಳಿಗೆ, ಒಂದು ನನಗೆ ಇಟ್ಟಳು. ಅವಳು ಅವಳ ಅಡುಗೆ, ನಾನು ನನ್ನ ಅಡುಗೆ, ಕೂತದ್ದು ಮಾತ್ರ ಒಂದೇ ಕಟ್ಟೆಯ ಮೇಲೆ.

ನೈದಿಲೆ ಹಾಗಲ್ಲ. ಬಿಳಿಯ ನೈದಿಲೆ, ಸಂಜೆ ಅರಳುವ ಜಾತಿ. ಬೆಳಿಗ್ಗೆ ನಾನು ಶಾಲೆಗೆ ಹೊರಡುವ ಹೊತ್ತಿಗೆ ಮುಚ್ಚಿಕೊಳ್ಳುವುದು. ನಾನು ಬಂದು ಕೈಕಾಲು ತೊಳೆದು ದೀಪ ಹಚ್ಚುವ ಹೊತ್ತಿಗೆ ಒಂದೊಂದೇ ದಳ ಬಿಡುವುದು. ನನ್ನ ಇಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ನಾನು ಮನೆಗೆ ಬರುವುದನ್ನು ಕಾದಿದ್ದದ್ದು ಆ ಹೂವೊಂದೇ ಎಂದರೆ ನೀವು ನಗಬಹುದು. ನಗಿ. ನಾನು ದಾರಿಯಲ್ಲಿ ಯಾರೊಡನೆಯೂ ನಿಲ್ಲದೆ ಸರಸರ ಬರುತ್ತಿದ್ದೆ. ಬಂದು ತೋಳಿನವರೆಗೆ ನೀರಿಗೆ ಕೈ ಬಿಟ್ಟು ಕೂರುತ್ತಿದ್ದೆ. ಸಸಲುಗಳು ಬಂದು ಬೆರಳು ಕಚ್ಚುತ್ತಿದ್ದವು.

ಅಷ್ಟು ಹೊತ್ತಿಗೆ ತಾಯಮ್ಮ ಎಲೆಯಡಿಕೆಯ ಚೀಲ ಹಿಡಿದು ಬರುತ್ತಿದ್ದಳು. ಮೀನಿಗೆ ಹಿಡಿ ತೌಡು ಎರಚಿ, ಎದುರು ಅಂಚಿನಲ್ಲಿ ಕೂತು ಮಾತಾಡುತ್ತಿದ್ದಳು. ಮಾತೆಲ್ಲ ಬೆಲ್ಲದ್ದೇ. ಪಾಕ ಯಾವಾಗ ಇಳಿಸಬೇಕು, ಸುಣ್ಣ ಎಷ್ಟು ಹಾಕಬೇಕು, ಗೌಡನ ಬೆಲ್ಲ ಮುರಿದರೆ ಹೇಗೆ ಕಣ ಕಣ ಬಿಡುತ್ತಿತ್ತು. ಗೌಡನನ್ನು ಅವಳು ಬೈದದ್ದು ನಾನು ಕೇಳಲೇ ಇಲ್ಲ. ಆವಯ್ಯ ಎಂದೇ ಕರೆಯುತ್ತಿದ್ದಳು. ಬೀದಿಯಲ್ಲಿ ಗಾಡಿಯ ಸದ್ದಾದರೆ ಮಾತು ನಿಲ್ಲಿಸಿ ಕಿವಿಗೊಡುತ್ತಿದ್ದಳು. ಗಾಡಿ ಮುಂದೆ ಹೋದ ಮೇಲೆ ನಿಲ್ಲಿಸಿದ ಜಾಗದಿಂದಲೇ ಮಾತು ಮುಂದುವರಿಸುತ್ತಿದ್ದಳು.

ನಡುವೆ ಒಂದು ಸಲ ಕೊಳಕ್ಕೆ ಗಂಡಾಂತರ ಬಂದಿತ್ತು. ನಾಲೆಯ ನೀರು ಬಂದ ಮೇಲೆ ನಮ್ಮ ಸೀಮೆಯಲ್ಲಿ ಚಳಿಜ್ವರ ಹೆಚ್ಚಾಗಿ, ಸೊಳ್ಳೆ ಹುಡುಕಲು ಸರ್ಕಾರದ ಒಬ್ಬರು ಮನೆಮನೆಗೆ ಬರುತ್ತಿದ್ದರು. ಸೊಳ್ಳೆ ಇನ್ಸ್‌ಪೆಕ್ಟರು ಎಂದೇ ಅವರ ಹೆಸರು. ನಿಂತ ನೀರು ಕಂಡರೆ ಸೀಮೆಎಣ್ಣೆ ಹುಯ್ಯುವುದು ಅವರ ಕೆಲಸ. ನಾನು ಶಾಲೆಯಲ್ಲಿದ್ದೆ. ತಾಯಮ್ಮ ಅಡ್ಡ ನಿಂತು, ದೀಪಕ್ಕೇ ಸೀಮೆಎಣ್ಣೆ ಸಿಗದ ಕಾಲದಲ್ಲಿ ನೀರಿಗೆ ಹುಯ್ಯುತ್ತೀರಾ ಎಂದು ಕೇಳಿದಳಂತೆ. ಅವರು ಒಳ್ಳೆಯವರು. ಬಗ್ಗಿ ನೋಡಿ, ಮೀನಿದ್ದರೆ ಸರಿ, ಮರಿಹುಳು ತಿನ್ನುತ್ತವೆ, ಆದರೆ ಎಲೆ ಒತ್ತಾದರೆ ಹುಳು ಅದರಡಿ ಅವಿತುಕೊಳ್ಳುತ್ತವೆ, ನೀರು ಅರ್ಧವಾದರೂ ಕಾಣುವ ಹಾಗೆ ಎಲೆ ತೆಗೆಯುತ್ತಿರಿ ಎಂದು ಹೇಳಿಹೋದರು. ಅಂದಿನಿಂದ ಭಾನುವಾರ ಭಾನುವಾರ ನಾವಿಬ್ಬರೂ ಎಲೆ ಬಿಡಿಸಲು ಕೂರತೊಡಗಿದೆವು. ಮಳವಳ್ಳಿಗೆ ಬಂದಾಗಿನಿಂದ ನನಗೆ ಭಾನುವಾರವೆಂದರೆ ಭಯವಿತ್ತು, ಅದು ಹೋಯಿತು.

ಹೀಗೆ ನಾಲ್ಕು ವರ್ಷ. ಯುದ್ಧ ಮುಗಿಯುತ್ತ ಬಂದಿತು, ಸಕ್ಕರೆ ಮಾತ್ರ ಕಣ್ಣಿಗೆ ಬೀಳದಾಯಿತು. ಬೆಲ್ಲಕ್ಕೆ ಬಂಗಾರದ ಬೆಲೆ. ಆರಿಹೋದ ಆಲೆಮನೆಗಳಲ್ಲೆಲ್ಲ ಮತ್ತೆ ಹೊಗೆ ಎದ್ದಿತು. ಕಬ್ಬು ಕಡಿಯುವ ಕಾಲ ಹತ್ತಿರವಾದಾಗ ನಿಡಘಟ್ಟದಿಂದ ಒಬ್ಬ ಗಾಡಿಯವನು ಬಂದ. ಬೋರೇಗೌಡರು ಕೊಪ್ಪರಿಗೆ ತರಹೇಳಿದ್ದಾರೆ ಎಂದ. ಹೊಸದು ಮಾಡಿಸೋಣವೆಂದರೆ ಎಲ್ಲೂ ಕಬ್ಬಿಣವಿರಲಿಲ್ಲ. ತಾಯಮ್ಮ ಅವನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ತೋರಿಸಿದಳು. ಅಂಚಿನವರೆಗೆ ನೀರು, ನೀರಿನ ತುಂಬ ಎಲೆ, ಸುತ್ತ ಕೆಸುವಿನ ಕಾಡು. ಅವನು ಬಾಯಿ ಬಿಟ್ಟುಕೊಂಡು ನಿಂತ.

"ಎತ್ತೋರು ನೀನಲ್ಲ ಕಣಪ್ಪ," ಎಂದಳು. "ಯಾರ್ದು ಕೊಪ್ಪರಿಗೆಯೋ ಅವ್ರೇ ಬಂದು ಕೇಳ್ಲಿ."

ಆಗ ನನಗೆ ತಿಳಿಯಿತು, ಕಂಠಮಟ್ಟ ಹೂಳಿಸು ಎಂದದ್ದು ಏಕೆಂದು. ಗಾಡಿಯವನನ್ನು ಕಳಿಸಿದರೆ ಕೊಪ್ಪರಿಗೆ ಹೋಗಕೂಡದು. ಗೌಡನೇ ಬರಬೇಕು. ನನ್ನ ಕೊಳ ನನಗೆ ಕೊಳವಾಗಿದ್ದರೆ ಅವಳಿಗೆ ಅದು ಗೂಟವಾಗಿತ್ತು, ಓಡಿಹೋದ ಹಸು ಹಗ್ಗ ಹುಡುಕಿಕೊಂಡಾದರೂ ಬರಲಿ ಎಂದು ನೆಟ್ಟದ್ದು. ನನಗೆ ಒಂದು ಕ್ಷಣ ಸಿಟ್ಟು ಬಂತು. ಆಮೇಲೆ ಹೆದರಿಕೆ ಬಂತು. ಅವನು ಬಂದರೆ ನನ್ನ ಕೊಳ ಹೋಗುತ್ತದೆ, ಬರದಿದ್ದರೆ ಅವಳ ಆಸೆ ಹೋಗುತ್ತದೆ. ದೇವರ ಮುಂದೆ ಏನೆಂದು ಬೇಡಿಕೊಳ್ಳಲಿ? ಬೇಡಿಕೊಳ್ಳಲೇ ಇಲ್ಲ.

ಸೋಮವಾರ ಬರುತ್ತೇನೆಂದು ಹೇಳಿಕಳಿಸಿದ. ಭಾನುವಾರ ತಾಯಮ್ಮ ಮನೆಯೆಲ್ಲ ಸಾರಿಸಿದಳು. ಸಂಜೆ ಎಂದಿನಂತೆ ಕೊಳದ ಬಳಿ ಕೂತಳು. ಎಲೆ ಬಿಡಿಸಲು ಇಬ್ಬರಿಗೂ ಮನಸ್ಸಿರಲಿಲ್ಲ. "ಆವಯ್ಯಂಗೆ ಸಸ್ಲು ಸಾರು ಅಂದ್ರೆ ಪ್ರಾಣ," ಎಂದು ನೀರನ್ನು ನೋಡುತ್ತ ಹೇಳಿದಳು. ನನ್ನ ಮುಖ ಹೇಗಾಯಿತೋ, ತಕ್ಷಣ, "ಎದುರ್ಕಬೇಡ ಮಗ, ನಿನ್ ಮೀನು ಮುಟ್ಟಾಕಿಲ್ಲ," ಎಂದಳು. ಅಲ್ಲಿಯವರೆಗೆ ನಾನು ಮೇಷ್ಟ್ರಮ್ಮನಾಗಿದ್ದೆ. ಅವಳು ನನ್ನನ್ನು ಮಗ ಎಂದದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆಯೇ ಅವಳು ಕೆರೆಗೆ ಹೋಗಿ ಮೀನು ತಂದು ಸಾರು ಮಾಡಿ, ಮುದ್ದೆ ತೊಳಸಿ, ಹಸುರು ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ ಕನಕಾಂಬರ ಮುಡಿದುಕೊಂಡಳು. ನಾನು ಶಾಲೆಗೆ ಹೋಗಲಿಲ್ಲ. ನೆಗಡಿ ಎಂದು ಚೀಟಿ ಕಳಿಸಿದೆ.

ಬೋರೇಗೌಡ ಎರಡು ಗಾಡಿ, ನಾಲ್ಕು ಆಳು ಸಮೇತ ಬಂದ. ನಾನು ಏನೋ ದೊಡ್ಡ ಮೀಸೆಯ ಗಂಡಸನ್ನು ಊಹಿಸಿಕೊಂಡಿದ್ದೆ. ಸಣ್ಣ ಆಳು, ನರೆತ ತಲೆ, ಮುಖದಲ್ಲಿ ದಣಿವು. ಬಾಗಿಲಲ್ಲಿ ನಿಂತಿದ್ದವಳನ್ನು ನೋಡಿ "ಏನಮ್ಮಿ, ಚೆಂದಾಗಿದ್ದೀಯಾ?" ಎಂದ. ಅವಳು ಹೂಂ ಎಂದಳು. ಏಳು ವರ್ಷದ ಮಾತು ಅಲ್ಲಿಗೆ ಮುಗಿಯಿತು. ಅವನು ಚಪ್ಪಲಿ ಬಿಡದೆ ಪಕ್ಕದ ಓಣಿಯಿಂದ ಹಿತ್ತಲಿಗೆ ಬಂದ. ಕೊಳ ನೋಡಿ ತಲೆಯಾಡಿಸಿ ಮುಗುಳ್ನಕ್ಕ. ನನ್ನ ಕಡೆ ತಿರುಗಿ ಮರ್ಯಾದೆಯಿಂದ, ತಪ್ಪು ತಿಳಿಯಬೇಡಿ ಅವ್ವ, ಹೊಟ್ಟೆಪಾಡು, ಎಂದ. ಅವನನ್ನು ದ್ವೇಷಿಸಲು ಸಿದ್ಧಳಾಗಿ ನಿಂತಿದ್ದ ನನಗೆ ಅದೂ ಸರಿಯಾಗಿ ಆಗಲಿಲ್ಲ.

ನಾನು ಮೀನುಗಳನ್ನು ಬಟ್ಟೆಯಲ್ಲಿ ಗೋರಿ ಕೊಡಗಳಿಗೆ ಹಾಕಿದೆ. ನೈದಿಲೆಯ ಮಡಕೆಯನ್ನು ದನದ ಕಲ್ಲುಬಾನಿಗೆ ಇಳಿಸಿದೆ. ತಾವರೆಯ ಮಡಕೆ ಎತ್ತುವಾಗ ಒಡೆಯಿತು. ಆಳುಗಳು ನೀರು ಎತ್ತಿ ಚೆಲ್ಲಿ, ಸುತ್ತ ಅಗೆದು, ಹಗ್ಗ ಹಾಕಿ ಎಳೆದರು. ಕೊಪ್ಪರಿಗೆ ದೊಡ್ಡ ನಿಟ್ಟುಸಿರಿನಂಥ ಸದ್ದು ಮಾಡಿ ಮಣ್ಣು ಬಿಟ್ಟು ಎದ್ದಿತು. ತಾಯಮ್ಮ ಹಿಂಬಾಗಿಲ ಹೊಸ್ತಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದಳು. ಆಳುಗಳು ಮರಳು ಹಾಕಿ ಒಳಗೆ ಎರಡು ಸಲ ಉಜ್ಜಿ, ಸಾಕು ಎಂದು ಬಿಟ್ಟರು. ಅವಳು ಬಾಯಿ ತೆರೆದದ್ದನ್ನು ಕಂಡೆ. ಆದರೆ ಅವಳು ಹೇಳಿದ್ದು ಬೇರೆ.

"ಉಂಡ್ಕ ಓಗಿ. ಸಾರು ಮಾಡಿವ್ನಿ."

ಗೌಡ ಬಿಸಿಲು ನೋಡಿದ. ಹೊತ್ತಾಯಿತು, ಅಲ್ಲಿ ಕಾಯುತ್ತಿರುತ್ತಾರೆ ಎಂದ. ಒಂದು ಚೆಂಬು ನೀರು ಕುಡಿದ. ಗಾಡಿ ಹೊರಟಿತು. ಅವಳು ಸದ್ದು ಕೇಳದಾಗುವವರೆಗೂ ಅಲ್ಲೇ ನಿಂತು, ಒಳಗೆ ಹೋಗಿ ಸಾರಿನ ಗಡಿಗೆಯನ್ನು ಎತ್ತಿಕೊಂಡು ಹೋಗಿ ಪಕ್ಕದ ಮನೆಯವರಿಗೆ ಕೊಟ್ಟು ಬಂದಳು. ಸಂಜೆ ನಾವಿಬ್ಬರೂ ಮೀನಿನ ಕೊಡ ಹೊತ್ತು ಕೆರೆಗೆ ಹೋಗಿ ಬಿಟ್ಟೆವು. ಮೀನಿನ ಕೊಡ ಹೊತ್ತ ಮೇಷ್ಟ್ರಮ್ಮನನ್ನು ಊರೆಲ್ಲ ನೋಡಿತು. ನೋಡಲಿ ಎನ್ನಿಸಿತು. ಮನೆಗೆ ಬಂದಾಗ ಹಿತ್ತಲಲ್ಲಿ ಗುಂಡನೆಯ ಗುಂಡಿ. ತೋಳು ಅದ್ದಲು ನೀರಿಲ್ಲದೆ, ಕೈಗಳನ್ನು ಏನು ಮಾಡಬೇಕೆಂದು ನನಗೆ ತಿಳಿಯಲಿಲ್ಲ.

ಸಂಕ್ರಾಂತಿಗೆ ಇನ್ನೂ ಹದಿನೈದು ದಿನವಿರುವಾಗ ಅದೇ ಗಾಡಿಯವನು ಮತ್ತೆ ಬಂದ. ಕೈಯಲ್ಲಿ ಒಂದು ಬೆಲ್ಲದ ಉಂಡೆ, ತಾವರೆಯೆಲೆಯಲ್ಲಿ ಸುತ್ತಿದ್ದು. ತಾಯಮ್ಮನ ಮುಖ ಒಂದು ಗಳಿಗೆ ಅರಳಿತು, ಹಬ್ಬಕ್ಕೆ ಕಳಿಸಿದ್ದಾನೆಂದುಕೊಂಡಳೋ ಏನೋ. ಗಾಡಿಯವನು ತಲೆ ಕೆರೆದುಕೊಂಡ. ಇಟ್ಟ ಮೂರು ಕೊಪ್ಪರಿಗೆ ಪಾಕವೂ ಕೆಟ್ಟಿತಂತೆ. ಬೆಲ್ಲ ಕಪ್ಪಗೆ, ಮೆತ್ತಗೆ, ಏನೋ ವಾಸನೆ. ಮದ್ದೂರಿನ ಸಂತೆಯಲ್ಲಿ ಯಾರೂ ಮುಟ್ಟಲಿಲ್ಲವಂತೆ. ಗೌಡನಿಗೆ ತಲೆ ಕೆಟ್ಟುಹೋಗಿದೆಯಂತೆ. ಮೊದಲು ಕೊಪ್ಪರಿಗೆಗೆ ಅವಳು ಏನು ಮಾಡುತ್ತಿದ್ದಳು, ಕೇಳಿಕೊಂಡು ಬಾ ಎಂದಿದ್ದಾನಂತೆ. ಇಪ್ಪತ್ತು ವರ್ಷ ಬೆಲ್ಲ ತೆಗೆದವನಿಗೆ, ಕೊಪ್ಪರಿಗೆ ತಾನಾಗಿ ಹೊಳೆಯುತ್ತಿರಲಿಲ್ಲ ಎಂಬುದೇ ಗೊತ್ತಿರಲಿಲ್ಲ.

ತಾಯಮ್ಮ ಉಂಡೆಯನ್ನು ಮೂಸಿದಳು. ಒಂದು ಚೂರು ಮುರಿದು ಬಾಯಿಗೆ ಹಾಕಿಕೊಂಡಳು.

"ನಾಕು ವರ್ಸ ಮೀನು ಸಾಕ್ಯದೆ ಕಣಪ್ಪ ಅದು," ಎಂದಳು. "ಒಂದೇ ದಿನಕ್ಕೆ ಬೆಲ್ಲ ಕೊಟ್ಟದಾ?"

ಗೌಡನೇ ಬಂದು ಕೇಳಲಿ ಎನ್ನುತ್ತಾಳೆಂದು ನಾನು ಕಾದೆ. ಎನ್ನಲಿ ಎಂದು ಆಸೆಪಟ್ಟೆ. ಅವಳು ಗಾಡಿಯವನನ್ನು ಕೂರಿಸಿ, ಹುಣಸೆಹಣ್ಣು ಎಷ್ಟು, ಬೂದಿ ಯಾವ ಮರದ್ದು, ರಿವೀಟಿಗೆ ಬಿದಿರುಕಡ್ಡಿ ಹೇಗೆ ಚೂಪು ಮಾಡಬೇಕು, ನೀರು ಎಷ್ಟು ಸಲ ಕಾಯಿಸಿ ಚೆಲ್ಲಬೇಕು, ಮೊದಲ ಹಾಲು ದನಕ್ಕೆ ಎಂಬುದನ್ನು ಎಲ್ಲ ಹೇಳಿದಳು. ಹೇಳಿದ್ದನ್ನು ಅವನ ಬಾಯಲ್ಲಿ ಎರಡು ಸಲ ಒಪ್ಪಿಸಿಕೊಂಡಳು. ನಾನು ಮಗ್ಗಿ ಒಪ್ಪಿಸಿಕೊಳ್ಳುವ ಹಾಗೆಯೇ. ಅವನು ಹೋದ ಮೇಲೆ ನನಗೆ ತಡೆಯಲಾಗಲಿಲ್ಲ. ಏಕೆ ಹೇಳಿಕೊಟ್ಟಿರಿ, ಇನ್ನು ಅವರು ಈ ಕಡೆ ಬರುವುದೇಕೆ ಎಂದೆ. ಆಗ ಅವಳ ಕಣ್ಣಲ್ಲಿ ನೀರು ಬಂತು.

"ಕೊಪ್ಪರಿಗೆ ಏನ್ ತಪ್ಪು ಮಾಡ್ತು ಮಗ?"

ಉಂಡೆ ನಮ್ಮ ಮುಂದಿತ್ತು. ಅವಳು ಅರ್ಧ ಮುರಿದು ನನಗೆ ಕೊಟ್ಟಳು. ಬಾಯಿಗೆ ಹಾಕಿಕೊಂಡೆ. ಕಬ್ಬಿಣದ ಒಗರು, ಕೆರೆಗೋಡಿನ ವಾಸನೆ, ಅದರ ಹಿಂದೆ ಮೀನು, ಎಲ್ಲಕ್ಕೂ ಹಿಂದೆ ಎಲ್ಲೋ ನೈದಿಲೆಯ ದಂಟು ಮುರಿದಾಗ ಬರುವ ಹಸಿ ವಾಸನೆ. ನನ್ನ ಕೊಳವೆಲ್ಲ ಅದರಲ್ಲಿತ್ತು. ಜನ್ಮದಲ್ಲಿ ನಾನು ಮೀನು ತಿಂದದ್ದೆಂದರೆ ಅಷ್ಟೇ. ಚೆಲ್ಲಲು ಇಬ್ಬರಿಗೂ ಮನಸ್ಸು ಬರಲಿಲ್ಲ. ಕಾಫಿಗೆ ಹಾಕಿಕೊಂಡು ಸಂಕ್ರಾಂತಿಯವರೆಗೂ ಆ ಗುಂಡಿಯ ಅಂಚಿನಲ್ಲಿ ಕೂತು ಕುಡಿದು ಮುಗಿಸಿದೆವು. ಒಳ್ಳೆಯ ಬೆಲ್ಲ ನಿಡಘಟ್ಟದಿಂದ ಬರಲೇ ಇಲ್ಲ, ಗೌಡನೂ ಬರಲಿಲ್ಲ. ಅವನ ಬೆಲ್ಲಕ್ಕೆ ಮತ್ತೆ ಹೆಸರು ಬಂದಿದೆಯೆಂದು ಸಂತೆಗೆ ಹೋದವರು ಹೇಳಿದರು. ತಾಯಮ್ಮ ಕೇಳಿ, "ಬಂದದೆ ಬುಡಿ," ಎಂದಳು.

ಸ್ವಾತಂತ್ರ್ಯ ಬರುವ ವರ್ಷ ನನಗೆ ಬೇರೆ ಊರಿಗೆ ವರ್ಗವಾಯಿತು. ನೈದಿಲೆಯ ಗೆಡ್ಡೆಯೊಂದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಅವಳೇ ನನ್ನ ಟ್ರಂಕಿನಲ್ಲಿಟ್ಟಳು. ದಾರಿಯಲ್ಲಿ ನೀರು ಚಿಮುಕಿಸಲು ಮರೆತೆ, ಒಣಗಿಹೋಯಿತು. ಅದನ್ನು ಅವಳಿಗೆ ಬರೆಯಲಿಲ್ಲ, ಚೆನ್ನಾಗಿ ಅರಳುತ್ತಿದೆ ಎಂದು ಬರೆದೆ. ಅವಳ ಪಕ್ಕದ ಮನೆಯವರು ಓದಿ ಹೇಳಿರಬೇಕು.

ಇದಿಷ್ಟು ನಮ್ಮ ಅಂಗಡಿಯವರಿಗೆ ಗೊತ್ತಿಲ್ಲ. ಕೆಟ್ಟ ಬೆಲ್ಲ ಬೇಡವೆಂದು ಮೂಸುತ್ತೇನೆ ಎಂದು ತಿಳಿದಿದ್ದಾರೆ. ನಿನ್ನೆಯೂ ಒಂದು ಅಚ್ಚು ಕೈಗೆ ಕೊಟ್ಟು, ನೋಡಿ ಅಮ್ಮ, ಒಂದು ಚೂರೂ ವಾಸನೆಯಿಲ್ಲ, ಎಂದರು. ಮೂಸಿ ನೋಡಿದೆ. ಅವರು ಹೇಳಿದ್ದು ನಿಜ, ಏನೂ ಇರಲಿಲ್ಲ. ಅರ್ಧ ಕೇಜಿ ಕಟ್ಟಿಕೊಡಿ ಎಂದೆ.